ನಾಲ್ಕು ಫೋನು, ಒಂದು ಸೀರೆ ಬಣ್ಣ

ಮನೆಯ ಬೇರೆಲ್ಲ ವಸ್ತುಗಳು ಹಾಳಾದಾಗ ಹಾಳಾದೆವೆಂದು ಮರ್ಯಾದೆಯಿಂದ ಒಪ್ಪಿಕೊಳ್ಳುತ್ತವೆ. ಮಿಕ್ಸಿ ಸುಟ್ಟ ವಾಸನೆ ಬಿಟ್ಟು ಹೇಳುತ್ತದೆ, ನಲ್ಲಿ ತೊಟ್ಟಿಕ್ಕಿ ಹೇಳುತ್ತದೆ, ನಮ್ಮ ಗ್ರೈಂಡರಂತೂ ಮನೆಗೆ ನೆಂಟರು ಬಂದ ದಿನವೇ ಅರ್ಧ ಅರೆದ ಅಕ್ಕಿಯೊಂದಿಗೆ ನಿಂತು ಊರಿಗೆಲ್ಲ ಕೇಳುವಂತೆ ಹೇಳುತ್ತದೆ. ಫೋನು ಮಾತ್ರ ಹಾಗಲ್ಲ. ಅದು ಹಾಳಾಗುವುದು ತಾನು, ಆದರೆ ಹಾಳಾದದ್ದು ನಾವು ಎಂದು ನಮಗೇ ನಂಬಿಸಿಬಿಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹಾಗೆ ಹೇಳಿದವಳು ಈಗಿನ ಕಾಲದಲ್ಲಿ ಹುಟ್ಟಿದ್ದರೆ ಯಾವುದಾದರೂ ಫೋನ್ ಕಂಪನಿಯ ಗ್ರಾಹಕ ಸೇವೆಯಲ್ಲಿ ದೊಡ್ಡ ಹುದ್ದೆಗೇರುತ್ತಿದ್ದಳು. ಇಷ್ಟು ಖಾರವಾಗಿ ಶುರುಮಾಡಿದ್ದಕ್ಕೆ ಕಾರಣ ಉಂಟು. ನಾನು ವೃತ್ತಿಯಿಂದ ಡ್ರಾಯಿಂಗ್ ಟೀಚರ್. ಕಡಬ ಸುತ್ತಮುತ್ತಲಿನ ಎಷ್ಟೋ ಮಕ್ಕಳಿಗೆ ಹಳದಿಗೆ ನೀಲಿ ಸೇರಿಸಿದರೆ ಹಸಿರು ಎಂದು ಹೇಳಿಕೊಟ್ಟವಳು. ಅಂಥವಳು ಒಂದು ಸೀರೆಯ ಬಣ್ಣ ಗುರುತಿಸಲಾಗದೆ ಇಡೀ ಕುಟುಂಬದ ಮುಂದೆ ನಿಂತ ಕಥೆ ಇದು.

ನನ್ನ ಫೋನಿಗೆ ಮೊದಲು ಬಂದದ್ದು ಒಂದು ಹಸಿರು ಗೆರೆ. ಹಿಂದಿನ ದಿನ ಸಂಜೆ ಅದು ತಾನಾಗಿಯೇ ಏನೋ ಅಪ್‌ಡೇಟ್ ಮಾಡಿಕೊಂಡಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಮೇಲಿನಿಂದ ಕೆಳಗಿನವರೆಗೆ, ಸ್ಕೇಲಿಟ್ಟು ಎಳೆದಷ್ಟು ನೇರವಾದ ಗೆರೆ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನೂ ಅಷ್ಟು ನೆಟ್ಟಗೆ ಎಳೆದದ್ದಿಲ್ಲ. ಗಾಬರಿಯಿಂದ ನಮ್ಮವರಿಗೆ ತೋರಿಸಿದೆ. ರಬ್ಬರ್ ಸೊಸೈಟಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಅವರು ಪತ್ರಿಕೆಯಿಂದ ತಲೆ ಎತ್ತದೆ, "ಒಂದು ಗೆರೆ ತಾನೆ ಟೀಚರೇ? ಗೆರೆ ಎಳೆಯುದೇ ನಿಮ್ಮ ಕೆಲಸ ಅಲ್ವಾ?" ಎಂದರು. ನನ್ನನ್ನು ಟೀಚರೇ ಎಂದು ಅವರು ಕರೆಯುವುದು ತಮಾಷೆ ಮಾಡುವಾಗ ಮಾತ್ರ. ಆಮೇಲೆ ಸ್ವಲ್ಪ ದಿನ ನಾನು ಜಗತ್ತನ್ನು ಎರಡು ಭಾಗ ಮಾಡಿ ನೋಡಿದೆ. ವಿಡಿಯೋ ಕಾಲಿನಲ್ಲಿ ಬಂದವರೆಲ್ಲರ ಮೂಗು ಆಚೆಗೊಂದು ಈಚೆಗೊಂದು. ಒಂದು ದಿನ ಗೆರೆ ತಾನಾಗಿ ಮಾಯವಾಯಿತು. ದೇವರು ದೊಡ್ಡವನು ಎಂದುಕೊಂಡೆ. ದೇವರು ದೊಡ್ಡವನೇ, ಆದರೆ ಗೆರೆ ಎಲ್ಲಿಯೂ ಹೋಗಿರಲಿಲ್ಲ. ಇಡೀ ಪರದೆಯಲ್ಲಿ ಕರಗಿ ಹೋಗಿತ್ತು. ಹೆಸರುಕಾಳು ಬೇಯಿಸಿ ಬಸಿದ ನೀರಿನಂಥ ಒಂದು ಬಣ್ಣ ಎಲ್ಲದರ ಮೇಲೂ ತೆಳ್ಳಗೆ ಹರಡಿಕೊಂಡಿತು. ದಿನಾ ನೋಡುವ ಕಣ್ಣಿಗೆ ಅದು ಅಭ್ಯಾಸವೂ ಆಗುತ್ತಾ ಬಂತು.

ಆದರೂ ಕೊಟ್ಟ ದುಡ್ಡಿಗೆ ಒಂದು ದೂರಾದರೂ ಕೊಡಬೇಡವೇ? ಕಂಪನಿಯ ಉಚಿತ ನಂಬರಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸಿದರು. ಕನ್ನಡಕ್ಕೆ ಇಂಥ ಅಂಕಿ ಒತ್ತಿ ಎಂದರು, ಒತ್ತಿದೆ, ಬಂದದ್ದು ಹಿಂದಿ. ಫೋನ್ ಆಫ್ ಮಾಡಿ ಆನ್ ಮಾಡಿ ಎಂದರು. ಮಾಡಿದೆ. ಎಲ್ಲ ಅಳಿಸಿ ಹೊಸದರಂತೆ ಮಾಡಿ ಎಂದರು. ಅದನ್ನೂ ಮಾಡಿದೆ, ಫೋಟೋಗಳೆಲ್ಲ ಹೋದವು, ಹೆಸರುಕಾಳಿನ ನೀರು ಮಾತ್ರ ಉಳಿಯಿತು. ಕೊನೆಗೆ ಪುತ್ತೂರಿನ ಸರ್ವಿಸ್ ಸೆಂಟರಿಗೆ ಹೋಗಿ ಎಂದರು.

ಅಲ್ಲಿ ಕೌಂಟರಿನಲ್ಲಿದ್ದಾಕೆ ಡಾಕ್ಟರರ ಹಾಗೆ ವಿಚಾರಣೆ ಶುರುಮಾಡಿದಳು. "ಮೇಡಂ, ಫೋನ್ ಕೆಳಗೆ ಬಿದ್ದಿತ್ತಾ?" ಇಲ್ಲ. "ಮೇಲೆ ಯಾರಾದ್ರೂ ಕೂತಿದ್ರಾ?" ನಮ್ಮ ಮನೆಯಲ್ಲಿ ಅಷ್ಟು ಭಾರದವಳು ನಾನೊಬ್ಬಳೇ, ನಾನು ಕೂತಿಲ್ಲ. "ಚಾರ್ಜಿಗಿಟ್ಟು ಮಾತಾಡುದುಂಟಾ?" ಇಲ್ಲ. "ತೇವ ಇರುವ ಜಾಗದಲ್ಲಿ ಇಟ್ಟಿದ್ರಾ?" ಈ ಕೊನೆಯ ಪ್ರಶ್ನೆ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಬಿಡದೆ ಮಳೆ ಸುರಿಯುವ ಆಟಿ ತಿಂಗಳಿನಲ್ಲಿ ಕಡಬದವರನ್ನು ಹೀಗೆ ಕೇಳಬಹುದೇ? ನಮ್ಮಲ್ಲಿ ಆಗ ಉಪ್ಪು ಡಬ್ಬದಲ್ಲೇ ನೀರಾಗಿರುತ್ತದೆ, ಬೆಂಕಿಪೆಟ್ಟಿಗೆಯನ್ನು ಒಲೆಯ ಹತ್ತಿರವಿಟ್ಟು ಬೆಚ್ಚಗೆ ಮಾಡಬೇಕಾಗುತ್ತದೆ. "ತೇವ ಇಲ್ಲದ ಜಾಗ ಎಲ್ಲುಂಟು ಅಂತ ನೀವೇ ಹೇಳಿ, ಅಲ್ಲಿಗೇ ಹೋಗಿ ಇರ್ತೇವೆ" ಎಂದೆ. ಅವಳೂ ನಕ್ಕಳು, ಒಳ್ಳೆಯ ಹುಡುಗಿ. "ಎಂತ ಮಾಡುದು ಮೇಡಂ, ಕಂಪನಿ ಕೇಳ್ಲಿಕ್ಕೆ ಹೇಳ್ತದೆ" ಎಂದಳು. ಕಂಪನಿಯ ಉತ್ತರ ಕೆಲವು ದಿನಗಳಾದ ಮೇಲೆ ಬಂತು. ಬಣ್ಣದಲ್ಲಿ ಅಲ್ಪ ವ್ಯತ್ಯಾಸ ಸಹಜ, ನಿಮ್ಮ ಪರದೆ ನಿಗದಿತ ಗುಣಮಟ್ಟದಲ್ಲಿಯೇ ಇದೆ, ನಮ್ಮೊಂದಿಗೆ ವ್ಯವಹರಿಸಿದ್ದಕ್ಕೆ ಧನ್ಯವಾದ. ನಾನು ಸರ್ಕಾರಿ ಶಾಲೆಯವಳು. ಮೇಲಿನಿಂದ ಬರಹದಲ್ಲಿ ಬಂದದ್ದನ್ನು ನಂಬುವುದು ರಕ್ತದಲ್ಲೇ ಇದೆ. ಅಲ್ಲಿಂದ ಮುಂದೆ ನನ್ನ ಫೋನ್ ತೋರಿಸುವ ಬಣ್ಣವೇ ಸರಿ ಎಂದು ತೀರ್ಮಾನಿಸಿಬಿಟ್ಟೆ.

ಈಗ ನನ್ನ ತಂಗಿಯರ ವಿಷಯ ಹೇಳಬೇಕು. ನಾವು ನಾಲ್ವರು ಅಕ್ಕತಂಗಿಯರು. ನಾನು ದೊಡ್ಡವಳು, ಇರುವುದು ಕೋಡಿಂಬಾಳದಲ್ಲಿ. ನನ್ನ ನಂತರದ ರೋಹಿಣಿ ಪುತ್ತೂರಿನಲ್ಲಿ, ಮೂರನೆಯವಳು ಶಶಿ ಸುಳ್ಯದಲ್ಲಿ, ಚಿಕ್ಕವಳು ಗೀತಾ ಕಾಣಿಯೂರಿನಲ್ಲಿ. ಒಟ್ಟು ಸೇರಿದರೆ ನಾವು ಆಡುವುದು ಅರೆಭಾಷೆ. ಅದರಲ್ಲಿ ಬೈಸಿಕೊಳ್ಳುವ ಸುಖವೇ ಬೇರೆ, ಆದರೆ ನಿಮಗಾಗಿ ಇಲ್ಲಿ ಕನ್ನಡದಲ್ಲಿಯೇ ಬರೆಯುತ್ತೇನೆ. ನಮ್ಮ ಕಡೆ ಈಗ ಮದುವೆ ಎಂದರೆ ಮುಹೂರ್ತಕ್ಕಿಂತ ಮೊದಲು ನಿಶ್ಚಯವಾಗುವುದು ಬಣ್ಣ. ಮದುಮಗಳ ಅಮ್ಮ, ದೊಡ್ಡಮ್ಮ, ಚಿಕ್ಕಮ್ಮಂದಿರೆಲ್ಲ ಒಂದೇ ಬಣ್ಣದ ಸೀರೆ ಉಟ್ಟು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳದಿದ್ದರೆ ಆ ಮದುವೆ ಆದಂತೆಯೇ ಅಲ್ಲ. ಬಣ್ಣ ಯಾವುದೆಂದು ವಾಟ್ಸಾಪ್ ಗುಂಪಿನಲ್ಲಿ ಸಾರಲಾಗುತ್ತದೆ, ಅವರವರು ಅವರವರ ಊರಿನಲ್ಲಿ ಕೊಳ್ಳುತ್ತಾರೆ. ಒಂದೇ ಅಂಗಡಿಯಲ್ಲಿ ಒಟ್ಟಿಗೆ ಕೊಂಡರೆ ಆಗದೇ ಎಂದು ನೀವು ಕೇಳಬಹುದು. ಕೇಳಬೇಡಿ. ಪ್ರತಿಯೊಬ್ಬಳಿಗೂ ತನ್ನ ಅಂಗಡಿ, ತನ್ನ ರವಿಕೆ ಹೊಲಿಯುವವಳು ಇದ್ದಾಳೆ; ಆ ವಿಷಯ ಎತ್ತಿದರೆ ಮದುವೆಯೇ ನಿಂತೀತು.

ಕಳೆದ ಸಲ, ರೋಹಿಣಿಯ ಮಗನ ಮದುವೆಯಲ್ಲಿ, ಹೊಸದಾಗಿ ಒಂದು ಗುಂಪು ಮಾಡಿದ್ದರು. ಶಶಿ ಆಗಷ್ಟೇ ನಂಬರು ಬದಲಾಯಿಸಿದ್ದಳು. ಗುಂಪಿಗೆ ಸೇರಿದ್ದು ಅವಳ ಹಳೆಯ ನಂಬರು. ಮದುವೆಯ ದಿನ ನಾವು ಮೂವರು ಮೆರೂನ್ ಬಣ್ಣದಲ್ಲಿ, ಶಶಿ ಒಬ್ಬಳು ಹಸಿರಿನಲ್ಲಿ. ಅದೇನು ದೊಡ್ಡದಲ್ಲ ಎಂದುಕೊಳ್ಳುವಷ್ಟರಲ್ಲಿ ಫೋಟೋದವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಆ ಹಸ್ರು ಸೀರೆ ಅಕ್ಕ ಸ್ವಲ್ಪ ಆಚೆ ಹೋಗಿ, ಇವ್ರದ್ದೊಂದು ಸೇಮ್ ಕಲರ್ ತೆಗೀತೇನೆ" ಎಂದ. ಶಶಿ ಆಚೆ ಹೋದಳು. ಆಚೆ ಹೋದವಳು ಮತ್ತೆ ಈಚೆಗೆ ಬರಲಿಲ್ಲ. ಊಟದ ಸಾಲಿನಲ್ಲಿ ಕೂತು ಉಂಡು, ಎಲ್ಲರಿಗೂ ಹೇಳಿಯೇ ಹೊರಟಳು, ಮುಖದಲ್ಲಿ ಏನೂ ತೋರಿಸಲಿಲ್ಲ. ಆ ಮೇಲೆ ಯಾವ ಪೂಜೆಗೂ ಅವಳು ಬರಲಿಲ್ಲ. ಒಮ್ಮೆ ಗಂಡನಿಗೆ ಜ್ವರ, ಒಮ್ಮೆ ಮನೆಗೆ ಕೆಲಸದವರು. ಫೋನಿನಲ್ಲಿ ಏನು ಕೇಳಿದರೂ ಹೂಂ. ನಮ್ಮ ಮೂವರ ಆ ಫೋಟೋ ಕಟ್ಟು ಹಾಕಿಸಿಕೊಂಡು ರೋಹಿಣಿಯ ಚಾವಡಿಯಲ್ಲಿ ನೇತಾಡುತ್ತಿದೆ. ಅದನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಹೋಗುವುದು ಅದರಲ್ಲಿ ಇಲ್ಲದವಳ ಕಡೆಗೆ. ನಾನು ಎತ್ತಿ ಆಡಿಸಿದ ಹುಡುಗಿ ಅವಳು. ಅವಳಿಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವಳು ನಾನು.

ಹಾಗಾಗಿ ಗೀತಾಳ ಮಗಳ ಮದುವೆ ನಿಶ್ಚಯವಾದಾಗ ನಾನೇ ಮುಂದೆ ಬಿದ್ದು ಹೇಳಿದೆ: ಈ ಸಲ ಬಣ್ಣದ ಜವಾಬ್ದಾರಿ ನನ್ನದು. ಯಾರೂ ಎದುರಾಡಲಿಲ್ಲ. ಡ್ರಾಯಿಂಗ್ ಟೀಚರಿಗೆ ಬಣ್ಣದ ವಿಷಯದಲ್ಲಿ ಎದುರಾಡುವುದು ಹೇಗೆ? ಶಶಿಗೆ ಬೇರೆಯಾಗಿ ಫೋನ್ ಮಾಡಿ, ಅವಳ ನಂಬರನ್ನು ಅವಳ ಬಾಯಲ್ಲೇ ಹೇಳಿಸಿ, ಗುಂಪಿಗೆ ಎಲ್ಲರಿಗಿಂತ ಮೊದಲು ಅವಳನ್ನೇ ಸೇರಿಸಿದೆ. "ನೀನು ಬರ್ಲೇಬೇಕು. ಈ ಸಲ ನಮ್ಮ ನಾಲ್ವರದ್ದೂ ಒಂದು ಫೋಟೋ ಬೇಕು ನಂಗೆ" ಎಂದೆ. ಅವಳು, "ಬಣ್ಣ ಯಾವ್ದು ಹೇಳು" ಎಂದಳು. ಹೂಂ ಅಲ್ಲ, ಪೂರ್ತಿ ಒಂದು ವಾಕ್ಯ! ನನಗೆ ಅಷ್ಟೇ ಸಾಕಾಗಿತ್ತು.

ಪುತ್ತೂರಿನ ಬಟ್ಟೆ ಅಂಗಡಿಯ ಹಮೀದಾಕ ದಿನಾ ಬೆಳಿಗ್ಗೆ ಹೊಸ ಸೀರೆಗಳ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಾರೆ. ನಮ್ಮ ಅಪ್ಪನ ಕಾಲದಿಂದ ಅವರದೇ ಅಂಗಡಿ ನಮಗೆ. ಅವರ ತಂದೆ ನನ್ನ ಮದುವೆ ಸೀರೆ ಕೊಟ್ಟವರು. ಸ್ಟೇಟಸ್ಸಿನ ಆ ಫೋಟೋಗಳಲ್ಲಿ ಒಂದು ಬಣ್ಣ ನನ್ನ ಮನಸ್ಸು ಹಿಡಿಯಿತು. ಮಾಸಿದ ಹಸಿರೂ ಅಲ್ಲ, ಕಂದೂ ಅಲ್ಲ, ಬಹಳ ಗಂಭೀರವಾದ ಬಣ್ಣ. ಕೂಡಲೇ ಗುಂಪಿಗೆ ಕಳಿಸಿ, "ಇದೇ ಬಣ್ಣ. ಒಂದಿಷ್ಟೂ ಆಚೀಚೆ ಆಗಬಾರದು" ಎಂದು ಬರೆದೆ. ಮೂವರೂ ಹೆಬ್ಬೆರಳು ತೋರಿಸಿದರು. ಗೀತಾ ಮಾತ್ರ, "ಅಕ್ಕ, ಸ್ವಲ್ಪ ಜೋರಾಯ್ತಾ ಅಂತ" ಎಂದು ಬರೆದಳು. ಇಷ್ಟು ಮಂಕು ಬಣ್ಣ ಜೋರಾಗುವುದೆಂತು? ಚಿಕ್ಕವಳು, ಮದುವೆ ಗಡಿಬಿಡಿಯಲ್ಲಿ ಏನೋ ಹೇಳುತ್ತಾಳೆ ಎಂದು ಬಿಟ್ಟುಬಿಟ್ಟೆ.

ನನ್ನ ಸೀರೆ ಕೊಳ್ಳಲು ನಾನೇ ಹಮೀದಾಕನ ಅಂಗಡಿಗೆ ಹೋದೆ. ಫೋಟೋ ತೋರಿಸಿದೆ. ಅವರು ಒಳಗಿನಿಂದ ಒಂದು ಸೀರೆ ತಂದು ಹರಡಿದರು. ಹಣ್ಣಾದ ಚಂದ್ರ ಪೇರಳೆಯ ಒಳಗಿನ ನಸುಗುಲಾಬಿ. ನಾನು ಫೋನನ್ನು ಸೀರೆಯ ಪಕ್ಕದಲ್ಲಿಟ್ಟು ನೋಡಿದೆ.

"ಇದಲ್ಲ ಹಮೀದಾಕ" ಎಂದೆ.

"ಇದೇ ಟೀಚರೇ. ಈ ಸೀರೆಯದ್ದೇ ಫೋಟೋ. ನಾನೇ ತೆಗ್ದದ್ದು, ಇದೇ ಟೇಬಲಿನ ಮೇಲೆ ಇಟ್ಟು."

"ಸೀರೆ ಇದೇ ಇರ್ಬಹುದು. ಆದ್ರೆ ಬಣ್ಣ ಇದಲ್ಲ."

ಹಮೀದಾಕ ಒಮ್ಮೆ ಸೀರೆಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ನಿಮ್ಮ ಫೋನ್ ಏನಾದ್ರೂ..." ಎಂದು ಶುರುಮಾಡಿದರು. ನಾನು ಬಿಡಲಿಲ್ಲ. "ಫೋನ್ ಸರಿ ಉಂಟು. ಕಂಪನಿಯವ್ರೇ ಬರೆದು ಕೊಟ್ಟಿದ್ದಾರೆ" ಎಂದೆ. ನಾನು ಗಿರಾಕಿಯೂ ಹೌದು, ಟೀಚರೂ ಹೌದು, ಅವರ ಮಗಳಿಗೆ ಚಿತ್ರ ಕಲಿಸಿದವಳೂ ಹೌದು. "ನಿಮ್ಗೆ ಬೇಕಾದ್ದು ಕೊಡುವ ಮಾರಾಯ್ರೆ" ಎಂದು ಕಪಾಟಿನ ಅಡಿಯಿಂದ, ಎಷ್ಟೋ ಕಾಲದಿಂದ ಯಾರೂ ಕೇಳದ ಒಂದು ಸೀರೆಯ ಧೂಳು ಕೊಡವಿ ತಂದರು. ತೊಂಡೆಕಾಯಿ ಪಲ್ಯ ಮರುದಿನಕ್ಕೆ ಉಳಿದರೆ ಬರುವ ಬಣ್ಣ. ಫೋನಿನ ಪಕ್ಕದಲ್ಲಿಟ್ಟರೆ ಪಡಿಯಚ್ಚು. "ನೋಡಿ, ಇದು!" ಎಂದು ನಾನು ಹಿಗ್ಗಿದೆ. ಹಮೀದಾಕ ಬಹಳ ಪ್ರೀತಿಯಿಂದ ಬೆಲೆ ಇಳಿಸಿದರು. ಆ ಪ್ರೀತಿಯ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಮದುವೆ ಸುಳ್ಯದ ಒಂದು ಸಭಾಭವನದಲ್ಲಿ. ನಾನು ಬೇಗ ಹೋಗಿ ಬಾಗಿಲ ಬಳಿ ನಿಂತೆ, ತಂಗಿಯರು ಒಬ್ಬೊಬ್ಬರಾಗಿ ಬಂದು ನನ್ನ ಪಕ್ಕದಲ್ಲಿ ನಿಲ್ಲುವ ಚೆಂದ ನೋಡಬೇಕೆಂದು. ಮೊದಲು ಒಳಗಿನಿಂದ ಗೀತಾ ಬಂದಳು, ಕಣ್ಣು ಕುಕ್ಕುವ ರಾಣಿ ಗುಲಾಬಿಯಲ್ಲಿ. ನನ್ನನ್ನು ನೋಡಿ ಅವಳ ಬಾಯಿ ತೆರೆದದ್ದು ತೆರೆದೇ ಇತ್ತು. ಅಷ್ಟರಲ್ಲಿ ರೋಹಿಣಿ ಕಾರಿನಿಂದ ಇಳಿದಳು. ಅವಳದು ಕಿತ್ತಳೆ. ಆಗ ನನಗೆ ಏನಾಯಿತೋ, ನಾಲಿಗೆಗೆ ಬಂದದ್ದು ಸರ್ವಿಸ್ ಸೆಂಟರಿನ ಪ್ರಶ್ನೆಗಳು. "ರೋಹಿಣಿ, ನಿನ್ನ ಫೋನ್ ಕೆಳಗೆ ಬಿದ್ದಿತ್ತಾ? ನೀರಿಗೆ ಏನಾದ್ರೂ ಬಿತ್ತಾ?" ಇಲ್ಲವಂತೆ, ಕಣ್ಣಿಗೆ ತಂಪಾಗಲೆಂದು ಸೊಸೆ ಅದೇನೋ ಹಳದಿ ಮಾಡಿಕೊಟ್ಟಿದ್ದಾಳಂತೆ, ತೆಗೆಯುವುದು ಹೇಗೆಂದು ಇವಳಿಗೆ ಗೊತ್ತಿಲ್ಲವಂತೆ. ಗೀತಾಳದು ಹೊಸ ಫೋನ್, ಅಂಗಡಿಯವರು ಹೊಗಳಿ ಮಾರಿದ್ದು, ಅದರಲ್ಲಿ ಬೂದಿಯೂ ಕುಂಕುಮದಂತೆ ಮಿನುಗುತ್ತದೆ. "ನಾನು ಬಣ್ಣ ಸರಿಯಾಗಿಯೇ ಹೇಳಿದ್ದೆ" ಎಂದು ನಾನು ಗಟ್ಟಿಯಾಗಿ ಹೇಳಿದೆ, "ಸಣ್ಣ ವ್ಯತ್ಯಾಸ ಸಹಜ."

ಪಕ್ಕದಲ್ಲಿದ್ದ ನಮ್ಮವರು, "ಕಂಪನಿಯವ್ರು ನಿನ್ನನ್ನು ನಾಳೆಯೇ ಕೆಲಸಕ್ಕೆ ತಗೊಳ್ತಾರೆ" ಎಂದರು.

ನನಗೆ ನಗು ಬರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ ಮಾತು: ಶಶಿ ಬರುತ್ತಿದ್ದಾಳೆ. ಮೂವರು ಬೇರೆ ಬೇರೆ ಬಣ್ಣದಲ್ಲಿ ನಿಂತದ್ದನ್ನು ನೋಡಿ, ಒಂದೇ ಬಣ್ಣವೆಂದು ತನಗೊಬ್ಬಳಿಗೇ ಸುಳ್ಳು ಹೇಳಿ ತಮಾಷೆ ಮಾಡಿದರೆಂದು ತಿಳಿದರೆ? ಅವಳು ಈ ಸಲ ಊಟದ ಸಾಲಿನವರೆಗೂ ಹೋಗಲಿಕ್ಕಿಲ್ಲ. ನಾನು ಸೀರೆಯ ಸೆರಗನ್ನು ಮುದುಡಿ ಹಿಡಿದುಕೊಂಡೆ, ಮುದುಡಿದರೆ ಬಣ್ಣ ಬದಲಾಗುವುದೆಂಬಂತೆ.

ಶಶಿ ಬಂದಳು. ತಿಳಿ ನೇರಳೆ ಸೀರೆ, ತಲೆಯಲ್ಲಿ ಮಲ್ಲಿಗೆ. ಆಮೇಲೆ ತಿಳಿದದ್ದು ಇದು: ಅವಳ ಫೋನಿನ ಪರದೆಗೂ ಗೆರೆ ಬಂದಿತ್ತು. ಹೊಸ ಪರದೆಗೆ ಕಂಪನಿಯವರು ಹೇಳಿದ ಬೆಲೆಗೆ ಇನ್ನೊಂದು ಫೋನೇ ಬರುತ್ತಿತ್ತು, ಹಾಗಾಗಿ ಸುಳ್ಯದ ಅಂಗಡಿಯಲ್ಲಿ ಯಾವುದೋ ಪರದೆ ಹಾಕಿಸಿದ್ದಳು, ಅದು ಎಲ್ಲವನ್ನೂ ಸ್ವಲ್ಪ ನೀಲಿ ಮಾಡಿ ತೋರಿಸುತ್ತಿತ್ತು. ಆದರೆ ಆ ಕ್ಷಣಕ್ಕೆ ನಮಗೆ ಇದೆಲ್ಲ ಗೊತ್ತಿಲ್ಲ. ಅವಳು ಬಾಗಿಲಲ್ಲಿ ನಿಂತು ಗುಲಾಬಿಯನ್ನು ನೋಡಿದಳು, ಕಿತ್ತಳೆಯನ್ನು ನೋಡಿದಳು, ನನ್ನ ತೊಂಡೆಕಾಯಿ ಪಲ್ಯವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಕೊನೆಗೆ ತನ್ನನ್ನೇ ನೋಡಿಕೊಂಡಳು.

"ಈ ಸಲ ಯಾರು ಆಚೆ ಹೋಗುದು?" ಎಂದಳು ಶಶಿ.

ರೋಹಿಣಿಯ ಮುಖ ಸಣ್ಣದಾಯಿತು. ಅವಳು ಮುಂದೆ ಬಂದು ಶಶಿಯ ಕೈ ಹಿಡಿದುಕೊಂಡಳು. "ಯಾರೂ ಹೋಗುದು ಬೇಡ ಮಾರಾಯ್ತಿ. ಅವತ್ತೇ ಹೇಳ್ಬೇಕಿತ್ತು ನಾನು" ಎಂದಳು. ಇಬ್ಬರ ಕಣ್ಣಲ್ಲೂ ನೀರು. ನಾನೂ ಅತ್ತೆ, ಗೀತಾ ಕಾಡಿಗೆ ಹಾಳಾಗುತ್ತದೆಂದು ಹೇಳುತ್ತಲೇ ಅತ್ತಳು. ಆಮೇಲೆ ಶಶಿ ನನ್ನ ಸೆರಗನ್ನು ಎರಡು ಬೆರಳಲ್ಲಿ ಎತ್ತಿ, "ಅಕ್ಕ, ಇದನ್ನು ನಿಂಗೆ ಯಾರು ಕೊಟ್ಟದ್ದು? ಅವ್ರ ಮೇಲೆ ಕೇಸು ಹಾಕ್ಬೇಕು" ಎಂದಳು ನೋಡಿ, ಆಗ ಶುರುವಾದ ನಗು ಧಾರೆಯ ಹೊತ್ತಿಗೂ ನಿಂತಿರಲಿಲ್ಲ. ಪುರೋಹಿತರು ಒಮ್ಮೆ ತಿರುಗಿ ನೋಡಿದರು. ಫೋಟೋದವನು ಬಂದು ಒಂದೇ ಬಣ್ಣದವರನ್ನು ಹುಡುಕಿ, ಯಾರೂ ಸಿಗದೆ ತಲೆ ಕೆರೆದುಕೊಂಡು, "ಹೀಗೇ ನಿಲ್ಲಿ ಅಕ್ಕ, ತೆಗೀತೇನೆ" ಎಂದ. ನಾವು ಹಾಗೆಯೇ ನಿಂತೆವು. ಶಶಿಯನ್ನು ನಡುವಿಗೆ ಎಳೆದುಕೊಂಡದ್ದು ರೋಹಿಣಿ.

ಮೂವರು ಒಂದಾಗಿ ಒಬ್ಬಳು ಬೇರೆಯಾದರೆ ಅದು ತಪ್ಪು. ನಾಲ್ವರೂ ಬೇರೆ ಬೇರೆಯಾದರೆ ಯಾರ ತಪ್ಪೂ ಅಲ್ಲ. ಇಷ್ಟು ಸರಳ ಲೆಕ್ಕ ನಮಗೆ ಹೊಳೆದಿರಲಿಲ್ಲ. ನಾಲ್ಕು ಕೆಟ್ಟ ಪರದೆಗಳು ಸೇರಿ ಹೇಳಿಕೊಡಬೇಕಾಯಿತು.

ಮದುವೆ ಕಳೆದು ಸ್ವಲ್ಪ ಕಾಲಕ್ಕೆ ನನ್ನ ಫೋನ್ ಇನ್ನೂ ಹದಗೆಟ್ಟಿತು. ಈಗ ಅದರಲ್ಲಿ ಇರುವುದು ಎರಡೇ ಬಣ್ಣ, ಕಪ್ಪು ಮತ್ತು ಹೆಸರುಕಾಳಿನ ನೀರು. ಆಗಲೇ ಕಂಪನಿಯಿಂದ ಫೋನ್ ಬಂತು, ಈ ಸಲ ಕನ್ನಡದಲ್ಲಿ. ನಿಮ್ಮಂತೆಯೇ ಹಲವರು ಬರೆದಿದ್ದಾರೆ, ಸದ್ಭಾವನೆಯಿಂದ ಪರದೆಯನ್ನು ಉಚಿತವಾಗಿ ಬದಲಾಯಿಸಿ ಕೊಡುತ್ತೇವೆ, ಪುತ್ತೂರಿಗೆ ಬನ್ನಿ. "ಹಾಗಾದ್ರೆ ದೋಷ ಇತ್ತು ಅಂತ ಒಪ್ಪಿದ್ರಾ?" ಎಂದು ಕೇಳಿದೆ. "ಇಲ್ಲ ಮೇಡಂ, ದೋಷ ಇಲ್ಲ. ಆದ್ರೂ ಬದಲಾಯಿಸ್ತೇವೆ" ಎಂದರು. ಇಷ್ಟು ಚೆಂದವಾಗಿ ಸೋಲದೆ ಸೋಲುವುದನ್ನು ನಾನು ಬೇರೆಲ್ಲೂ ಕಂಡಿಲ್ಲ, ನನ್ನಲ್ಲಿ ಬಿಟ್ಟರೆ.

ಮುಂದಿನ ವಾರ ಬರುತ್ತೇನೆ ಎಂದೆ. ಹೋಗಿಲ್ಲ. ಅದರ ಮುಂದಿನ ವಾರವೂ ಹೋಗಿಲ್ಲ. "ಪುಕ್ಕಟೆ ಕೊಡ್ತೇವೆ ಅಂದ್ರೂ ಹೋಗುದಿಲ್ಲ ನೋಡು ಟೀಚರು" ಎಂದು ನಮ್ಮವರು ಗೊಣಗುತ್ತಾರೆ. ಕಾರಣವನ್ನು ಅವರಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಮದುವೆಯ ಆ ಫೋಟೋ ಉಳಿದವರ ಫೋನಿನಲ್ಲಿ ನಾಲ್ಕು ಬಣ್ಣದ ಜಾತ್ರೆ. ನನ್ನ ಫೋನಿನಲ್ಲಿ ಮಾತ್ರ ನಾವು ನಾಲ್ವರೂ ಒಂದೇ ಬಣ್ಣದ ಸೀರೆ ಉಟ್ಟು, ಶಶಿಯನ್ನು ನಡುವೆ ನಿಲ್ಲಿಸಿಕೊಂಡು ನಗುತ್ತಿದ್ದೇವೆ. ನಾನು ಬಯಸಿದ್ದ ಫೋಟೋ ಅದೇ. ಅದನ್ನು ತೋರಿಸುವ ಪರದೆ ಲೋಕದಲ್ಲಿ ಇರುವುದು ಇದೊಂದೇ.

ಮೊನ್ನೆ ರೋಹಿಣಿಯ ಹೊಸ ಮನೆಯ ಒಕ್ಕಲಿನ ದಿನ ಗೊತ್ತಾಯಿತು. ಬಣ್ಣದ ಜವಾಬ್ದಾರಿಯನ್ನು ಡ್ರಾಯಿಂಗ್ ಟೀಚರಿಂದ ಕಿತ್ತುಕೊಂಡು ಎಲ್ಲರೂ ಸೇರಿ ಶಶಿಗೆ ಕೊಟ್ಟಿದ್ದಾರೆ. ಅವಳೇ ಗುಂಪಿಗೆ ಒಂದು ಸೀರೆಯ ಫೋಟೋ ಹಾಕಿ, "ಅಕ್ಕ, ಈ ಬಣ್ಣ ಹೇಗುಂಟು?" ಎಂದು ಕೇಳಿದ್ದಳು. ನಾನು ಕನ್ನಡಕ ಒರೆಸಿಕೊಂಡು ಚೆನ್ನಾಗಿ ನೋಡಿ ಉತ್ತರ ಬರೆದೆ: "ಬಹಳ ಚೆಂದ ಉಂಟು. ಕಳೆದ ಸಲದ್ದೇ ಅಲ್ವಾ?"